ಓದು ಮುಗಿಯುವ ತನಕ

ಅಬಿದಾ ಅವನನ್ನು ಮೊದಲ ಸಲ ನೋಡಿದ್ದು ಕಣ್ಣು ಮುಚ್ಚಿಕೊಂಡೇ ಎಂದು ಅಜ್ಜಿ ಇಮಾಮಬಿ ಹೇಳಿ ಹೇಳಿ ನಗುತ್ತಿದ್ದಳು.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆ. ಇಂಡಿ ಊರಿನ ಹೊರಗೆ, ಅಪ್ಪ ಶಹಾಬುದ್ದೀನನ ಲಿಂಬೆ ತೋಟದಲ್ಲಿ ಚಾಪೆ ಹಾಕಿ ಕುಳಿತು, ಅಜ್ಜಿ ಕಲಿಸಿದ ಕುರಾನಿನ ಸೂರಾ ಒಂದನ್ನು ಅವಳು ಬಾಯಿಪಾಠ ಓದುತ್ತಿದ್ದಳು. ಎಲೆಗಳ ನಡುವಿನಿಂದ ಇಳಿದ ಬಿಸಿಲು ಓಢಣಿಯ ಮೇಲೆ ಕಸೂತಿ ಹಾಕಿತ್ತು.

“ಲಿಂಬಿಕಾಯಿ ಅದಾವೇನ್ರಿ?” ಗಂಡುದನಿಯೊಂದು ಕೇಳಿತು.

ಅವಳು ಕಣ್ಣು ತೆರೆಯಲಿಲ್ಲ. ಓದುತ್ತಿದ್ದ ಆಯತ್ತಿನ ನಡುವೆ ಎದ್ದು ವ್ಯಾಪಾರ ಮಾಡುವುದುಂಟೇ? ದನಿ ಮತ್ತೆ ಬರಲಿಲ್ಲ. ಹೋದನೇನೋ ಎಂದುಕೊಂಡಳು. ಓದು ಮುಗಿಸಿ ಕಣ್ಣು ಬಿಟ್ಟರೆ, ಸುಡುವ ನೆಲದ ಮೇಲೆ, ಚಪ್ಪಲಿ ದೂರ ಬಿಟ್ಟು, ತೆಳ್ಳನೆಯ ಯುವಕನೊಬ್ಬ ತಲೆ ತಗ್ಗಿಸಿ ನಿಂತಿದ್ದ.

“ಅಯ್ಯ! ಇನ್ನೊಮ್ಮೆ ಕರೀಬಾರದೇನ್ರಿ?”

“ನನಗಿಂತ ದೊಡ್ಡಾಂವನ ಜೋಡಿ ಮಾತಾಡಾಕತ್ತಿದ್ರಿ. ಓದು ಮುಗಿಯೂತನ ಕಾದೆ.”

“ಕಾಲು ಸುಡಲಿಲ್ಲೇನು?”

“ನೀವು ಕಣ್ಣು ಬಿಟ್ಟ ಮ್ಯಾಲೆ ಸುಡಾಕತ್ತಾವ ನೋಡ್ರಿ,” ಎಂದು ಅವನು ಒಂದೊಂದೇ ಕಾಲೆತ್ತಿ ಕುಣಿದಂತೆ ಮಾಡಿದ. ಅವಳ ನಗು ಓಢಣಿಯ ಅಂಚಿನಲ್ಲಿ ನಿಲ್ಲಲಿಲ್ಲ.

ಅವನು ಬಂದೇನವಾಜ, ಸಿಂದಗಿಯ ಲಿಂಬೆ ವ್ಯಾಪಾರಿ. ಆಮೇಲೆ ಸಂತೆಗೊಮ್ಮೆ ಬಂದ. ಕಾಯಿ ಇಲ್ಲದ ವಾರವೂ ಬಂದ.

“ಗಿಡದಾಗ ಹೂವಷ್ಟ ಐತಲ್ರಿ,” ಎಂದು ಅಬಿದಾ ಕೆಣಕಿದರೆ, “ಹೂವನ್ನೂ ನೋಡಬೇಕಲ್ರಿ,” ಎಂದು ಗಿಡದ ಕಡೆ ಬಿಟ್ಟು ಎಲ್ಲ ಕಡೆ ನೋಡುತ್ತಿದ್ದ.

ಅವಳು ಮಾತ್ರ ಅವನನ್ನು ಚೂರು ಚೂರಾಗಿ ನೋಡಿದಳು. ಒಂದು ವಾರ ಮಡಿಸಿದ ತೋಳು. ಒಂದು ವಾರ ಕಿವಿಯ ಹಿಂದಿನ ಮಚ್ಚೆ. ಎಲ್ಲ ಚೂರು ಕೂಡಿಸಿ ಮಧ್ಯಾಹ್ನದ ಜೊಂಪಿನಲ್ಲಿ ಒಬ್ಬ ಇಡೀ ಮನುಷ್ಯನನ್ನು ಮಾಡಿಕೊಳ್ಳುತ್ತಿದ್ದಳು.

ಬಿಜಾಪುರದಲ್ಲಿ ಮಾಸ್ತರಕಿ ಟ್ರೇನಿಂಗಿಗೆ ತನಗೆ ಸೀಟು ಸಿಕ್ಕಿದ್ದನ್ನು ಅಪ್ಪನನ್ನು ಬಿಟ್ಟರೆ ಅವಳು ಮೊದಲು ಹೇಳಿದ್ದು ಅವನಿಗೇ. “ಹೋಗ್ರಿ ಮತ್ತ,” ಎಂದಿದ್ದ, ಅವಳಿಗಿಂತ ಹೆಚ್ಚು ಹಿಗ್ಗಿ. ಮುಂದೆ ಸಿಂದಗಿಯಿಂದ ಅವನ ಕಡೆಯವರು ಹೆಣ್ಣು ಕೇಳಲು ಬಂದಾಗ ತೋಟವೆಲ್ಲ ಒಂದೇ ಬೆಳಗಿನಲ್ಲಿ ಹೂಬಿಟ್ಟಂತೆ ಅವಳಿಗನ್ನಿಸಿತು.

ಆದರೆ ನಿಕಾಹ್‌ನ ಹಿಂದಿನ ಸಂಜೆ, ಬಂದೇನವಾಜನನ್ನು ಸಾಕಿ ಬೆಳೆಸಿದ ಬಾಬುಲಾಲ ಚಾಚಾ ಚಪ್ಪರದಲ್ಲಿ ಗಟ್ಟಿಯಾಗಿ ಹೇಳಿದ: “ನಮ್ಮನಿ ಸೊಸಿ ಹಾಸ್ಟೆಲ್‌ನಾಗ ಇರೂದಿಲ್ಲ. ನಮ್ಮ ದೀನ-ಧರ್ಮಕ್ಕ ಒಪ್ಪೂ ಮಾತಲ್ಲ ಅದು.” ಬಂದೇನವಾಜ ಅಲ್ಲೇ ಇದ್ದ. ತುಟಿ ಬಿಚ್ಚಲಿಲ್ಲ.

ಬಾಗಿಲ ಹಿಂದೆ ನಿಂತಿದ್ದ ಅಬಿದಾಳ ಕೈಯ ಹಸಿ ಮೆಹಂದಿ ಕಲಸಿಹೋಯಿತು.

ಬೆಳಿಗ್ಗೆ ಜಡೆ ಹೆಣೆಯುತ್ತ ಇಮಾಮಬಿ ಕೇಳಿದಳು, “ದೀನ ಏನ್ ಬಾಬುಲಾಲನ ಕಿಸೇದಾಗ ಐತೇನ? ನಿಕಾಹ್ ಆಗೂದು ನಿನ್ನ ಬಾಯಿಂದ, ಬೇಟಿ. ನನ್ನ ಮದುವ್ಯಾಗ ನನ್ನ ತಲಿ ಯಾರೋ ಬಗ್ಗಿಸಿದ್ರು. ಹ್ಞೂಂ ಅಂದಳು ಅಂತ ಯಾರೋ ಕೂಗಿದ್ರು. ನಿನಗ ಓದು ಕಲಿಸಿದ್ದು ಅದಕ್ಕ.”

ವಧುವಿನ ಒಪ್ಪಿಗೆ ತರುವ ವಕೀಲನಾಗಿ ಸೋದರಮಾವ ಇಬ್ಬರು ಸಾಕ್ಷಿಗಳೊಡನೆ ಪರದೆಯ ಬಳಿ ಬಂದು, ವರ ವಧುವಿಗೆ ಕೊಡಬೇಕಾದ ಮೆಹರಿನ ಮೊತ್ತ ಹೇಳಿ, ಒಪ್ಪಿಗೆ ಕೇಳಿದ. ವಾಡಿಕೆಯಂತೆ ಹೆಂಗಸೊಬ್ಬಳ ಕೈ ಅಬಿದಾಳ ತಲೆಯ ಮೇಲೆ ಬಂತು, ಬಗ್ಗಿಸಲು.

“ಕೈ ತಗೀರಿ ಚಾಚಿ. ನನಗ ಬಾಯಿ ಐತಿ.”

ಬಳೆಗಳ ಸದ್ದು ನಿಂತಿತು.

“ಹಿರಿಯರು ಗೊತ್ತು ಮಾಡಿದ ಮೆಹರ್ ನನಗ ಬ್ಯಾಡ ಮಾಮಾ. ಬಿಜಾಪುರದಾಗ ನನ್ನ ಓದು ಮುಗಿಸಾಕ ಬಿಡೂದು, ಅದ ನನ್ನ ಮೆಹರ್. ಒಪ್ಪಿದ್ರ ನಾನೂ ಒಪ್ಪಿದೆ.”

“ಇಂಥಾ ಮೆಹರ್ ಎಲ್ಲರೆ ಕೇಳೀರೇನ್ರಿ!” ಪರದೆಯಾಚೆ ಚಪ್ಪರದಲ್ಲಿ ಬಾಬುಲಾಲ ಎದ್ದು ನಿಂತ.

ಅಬಿದಾ ನಿಲ್ಲಿಸಲಿಲ್ಲ. “ಮೆಹರ್ ಕೊಡಾಕ ಕಬ್ಬಿಣದ ಉಂಗುರಾನೂ ಇಲ್ಲದ ಒಬ್ಬಾಂವಗ ಪೈಗಂಬರರು, ನಿನಗ ಬರೂ ಕುರಾನ್ ಹೆಂಡ್ತಿಗೆ ಕಲಿಸು, ಅದ ಮೆಹರ್ ಅಂದಿದ್ರು. ಕಲಿಯೂದು ಮೆಹರ್ ಆಗೂದಿಲ್ಲೇನ್ರಿ, ಕಾಜಿ ಸಾಹೇಬ್ರ?”

“ಹುಡುಗಿ ಹೇಳೂದು ಖರೆ ಐತಿ,” ಎಂದರು ಕಾಜಿ, ಗಡ್ಡ ಸವರಿ. “ವರ ಏನಂತಾನ?”

ಲಿಂಬೆ ಗಿಡದಲ್ಲಿ ಗಿಳಿಯೊಂದು ಕೂಗಿತು. ಅವನು ಒಲ್ಲೆ ಎಂದರೆ ತಲೆಯ ಹೂ ತೆಗೆದಿಟ್ಟು ಏಳುವುದೆಂದು ಅಬಿದಾ ನಿಶ್ಚಯಿಸಿದ್ದಳು. ಆಮೇಲೆ ಆ ತೋಟದಲ್ಲಿ ಒಬ್ಬಳೇ ಹೇಗೆ ಕೂರುವುದೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

“ಕಾಜಿ ಸಾಹೇಬ್ರ,” ಪರದೆಯಾಚೆಯಿಂದ ಆ ದನಿ ಬಂತು, ಮೊದಲ ದಿನದ್ದೇ ದನಿ. “ಇಕಿ ಓದು ಮುಗಿಯೂತನ ಕಾಯೂದು ನನಗ ಹೊಸಾದಲ್ರಿ. ಈ ಸಲ ಚಪ್ಪಲಿ ಹಾಕ್ಕೊಂಡು ನಿಲ್ತೇನಿ, ಅಷ್ಟ. ಕಬೂಲ್.”

ಒಳಗೆ ಹೆಂಗಸರು ಗೊಳ್ಳೆಂದು ನಕ್ಕರು. ಬಾಬುಲಾಲ ಗೊಣಗುತ್ತ ಕುಳಿತ. ಆ ನಗುವಿನ ನಡುವೆಯೇ ಅಬಿದಾ ಹೇಳಿದಳು, ಯಾರೂ ಬಗ್ಗಿಸದ ತಲೆಯೆತ್ತಿ: “ಕಬೂಲ್.”

ಸಂಜೆ ಇಬ್ಬರನ್ನೂ ಒಂದೇ ಶಾಲಿನಡಿ ಕೂಡಿಸಿ, ನಡುವೆ ಕುರಾನೂ ಕನ್ನಡಿಯೂ ಇಟ್ಟರು. ವಧೂವರರು ಮೊದಲು ಕನ್ನಡಿಯಲ್ಲೇ ಒಬ್ಬರೊಬ್ಬರ ಮುಖ ನೋಡಬೇಕು.

“ನಿನ್ನೆ ಯಾಕ ಸುಮ್ಮನಿದ್ರಿ?” ಅವಳು ಪಿಸುಗುಟ್ಟಿದಳು.

“ಅಂಜಿದ್ದೆ. ಸಾಕಿದಾಂವ ಅಂವಾ.” ಶಾಲಿನೊಳಗೆ ಲಿಂಬೆಯ ಘಮ. “ನೀ ಬಾಯಿ ತಗದಿ. ನನಗೂ ಬಾಯಿ ಬಂತು.”

ಕನ್ನಡಿಯಲ್ಲಿ ಅವನ ಕಣ್ಣು ಮೆಲ್ಲಗೆ ಮೇಲೆದ್ದಿತು. ಚೂರು ಚೂರಲ್ಲ, ಇಡೀ ಮುಖ.

ಈ ಸಲ ಅಬಿದಾ ಕಣ್ಣು ಮುಚ್ಚಲಿಲ್ಲ.