ಪ್ರಿಂಟರ್ ಮರೆಯದ ಹೆಸರು

ಆ ತೋಳು ಯಾರಿಗೂ ಆಗುವಂತಿರಲಿಲ್ಲ.

ಕಟಿಂಗ್ ಮೇಡಂ ಬಾಗಿಲು ತಳ್ಳಿ ಒಳಗೆ ಬಂದಾಗ, ಇಷ್ಟು ದಿನ ಸತ್ತಂತೆ ಬಿದ್ದಿದ್ದ ಪ್ರಿಂಟರ್ ಗರಗರ ಎನ್ನುತ್ತಾ ಹಾಳೆ ಉಗುಳುತ್ತಿತ್ತು. ಪಕ್ಕದಲ್ಲಿ, ಕಷ್ಟದ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹಮ್ಮಿನಲ್ಲಿ, ಗುಂಡಿ ಅಂಗಡಿಯವನು ನಿಂತಿದ್ದ. ಊರಿಗೆಲ್ಲ ಗುಂಡಿ ಮಾರುವವನ ಅಂಗಿಗೇ ಮೇಲಿನ ಗುಂಡಿ ಇರಲಿಲ್ಲ.

"ನೋಡೇ, ಮೂಗಿ ಕೈಲೂ ಮಾತಾಡಿಸಿಬಿಟ್ಟ!" ಅಂದರು ಅತ್ತೆ, ಚಹಾದ ಲೋಟ ಅವನ ಕೈಗಿಡುತ್ತಾ.

ಅವಳು ಬ್ಯಾಗನ್ನು ಕುರ್ಚಿಗೆಸೆದು ಮೊದಲ ಹಾಳೆ ಎತ್ತಿಕೊಂಡಳು. ಅವಳ ಕಸುಬು ಬಟ್ಟೆ ಹೊಲಿಯುವುದಲ್ಲ, ಹೊಲಿಯುವವರಿಗೆ ದಾರಿ ತೋರಿಸುವ ಕಾಗದದ ಪ್ಯಾಟರ್ನ್ ಬರೆಯುವುದು. ಬೆನ್ನು, ಕಾಲರು, ತೋಳು ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು, ಸಣ್ಣ ಸಣ್ಣ ಹಾಳೆಗಳಲ್ಲಿ ಪ್ರಿಂಟ್ ತೆಗೆದು, ಹಾಳೆಗೆ ಹಾಳೆ ಅಂಟಿಸಿ, ಹೆಂಗಸರೇ ಸೇರಿ ನಡೆಸುವ ಹೊಲಿಗೆ ಘಟಕಕ್ಕೆ ಒಯ್ಯುತ್ತಾಳೆ. ಪ್ರತಿ ಪ್ಯಾಟರ್ನಿನ ಮೊದಲ ಹಾಳೆಯಲ್ಲೂ ಒಂದು ಚೌಕವಿರುತ್ತದೆ. ಟೇಪು ಹಿಡಿದರೆ ಅದು ಸರಿಯಾಗಿ ಎರಡು ಇಂಚು ಇರಬೇಕು. ಚೌಕ ಸುಳ್ಳು ಹೇಳಿದರೆ ಇಡೀ ಅಂಗಿ ಸುಳ್ಳು.

ಕೊರಳಿನ ಟೇಪನ್ನು ಇಳಿಸಿ ಚೌಕಕ್ಕೆ ಹಿಡಿದಳು. ಹುಬ್ಬು ಮೇಲೇರಿತು.

"ಗುಂಡಿಯವ್ರೇ, ಈ ಅಂಗಿ ಯಾರಿಗೆ? ಬೊಂಬೆಗಾ?"

"ಯಾಕೆ ಮೇಡಂ, ಅಂದವಾಗಿ ಬಂದಿದೆಯಲ್ಲ?"

"ಹಾಳೆಗೆ ಹೊಂದಿಸು ಅನ್ನೋದನ್ನ ಒತ್ತಿದ್ರಾ?"

"ಗೆರೆ ಅಂಚಿಗೆ ತಾಗ್ತಿತ್ತು. ಪಾಪ ಅಂತ ಹೊಂದಿಸ್ದೆ."

"ಹೊಂದ್ಕೊಂಡು ಹೋಗೋಕೆ ಅದೇನು ಹೊಸದಾಗಿ ಬಂದ ಸೊಸೆನಾ? ಹೊಂದಿಸಿದ್ರೆ ತೋಳು ಕುಗ್ಗುತ್ತೆ ರೀ!"

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಅವನೂ ನಕ್ಕ. ನಗುವಾಗ ಅವನು ಅವಳ ಕಡೆ ನೋಡುತ್ತಾನೆ, ಅವಳು ನೋಡಿದರೆ ಕಣ್ಣನ್ನು ಲೋಟದೊಳಕ್ಕೆ ಇಳಿಸುತ್ತಾನೆ. ಫೋಟೋ ತೆಗೆದು ಕಳಿಸಿದರೆ ಮುಗಿಯುವ ಗುಂಡಿಯ ಸ್ಯಾಂಪಲ್ಲನ್ನು ಅವನು ಮಹಡಿ ಹತ್ತಿ ತರುತ್ತಿದ್ದದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಂತೆ ಇರುವುದರಲ್ಲಿ ಒಂದು ಸುಖವಿತ್ತು.

ಆಗ ಅವಳ ಮೊಬೈಲ್ ಸಣ್ಣಗೆ ನಡುಗಿತು. ವೈಫೈ ಸೇರಿದೆ ಎಂದು ತೋರಿಸಿತು. ಕೆಳಗೆ ಹೆಸರು: ಬಾಸ್.

ಅವಳ ಮುಖದ ನಗು ಯಾರೋ ಕತ್ತರಿಸಿದಂತೆ ನಿಂತಿತು.

"ಈ ಹೆಸರು ಯಾರು ಹಾಕಿದ್ದು?"

"ನಾನೇ." ಅವನ ದನಿಯಲ್ಲಿ ಇನ್ನೂ ಹಿಗ್ಗಿತ್ತು. "ಪ್ರಿಂಟರ್ ಹಳೇ ನೆಟ್‌ವರ್ಕನ್ನೇ ಹುಡುಕ್ತಾ ಕೂತಿತ್ತು. ಅಮ್ಮನ್ನ ಕೇಳಿ, ಹೊಸ ರೌಟರಿಗೆ ಆ ಹಳೇ ಹೆಸರು, ಹಳೇ ಪಾಸ್‌ವರ್ಡೇ ಇಟ್ಟೆ. ಎಲ್ಲಾ ತಾವಾಗೇ ಗುರುತು ಹಿಡಿದು ಬಂದ್ಬಿಡುತ್ವೆ. ಸುಲಭ."

"ಹೌದು. ಗುರುತು ಸಿಕ್ತು."

ಅವಳು ಬಾಗಿ ರೌಟರಿನ ಪ್ಲಗ್ಗನ್ನು ಕಿತ್ತಳು. ಪ್ರಿಂಟರ್ ಹಾಳೆಯೊಂದನ್ನು ಅರ್ಧ ಕಚ್ಚಿಕೊಂಡು ನಿಂತುಬಿಟ್ಟಿತು.

"ಹೊರಡಿ."

"ಮೇಡಂ, ಏನಾದ್ರೂ ತಪ್ಪು..."

"ಹೊರಡಿ ಅಂದೆ."

ಅವನು ಅರ್ಧ ಕುಡಿದ ಲೋಟವನ್ನು ಸದ್ದಾಗದಂತೆ ಇಟ್ಟು ಹೋದ.

ಬಾಸ್ ಎನ್ನುವುದು ಅವಳ ಗಂಡ ಮನೆಯ ವೈಫೈಗೆ ಇಟ್ಟಿದ್ದ ಹೆಸರು. ತಮಾಷೆಗೆ ಎಂದಿದ್ದ. ಅವಳು ಯಾವುದಕ್ಕಾದರೂ ಬೇಡ ಎಂದ ದಿನ ಪಾಸ್‌ವರ್ಡ್ ಬದಲಾಗುತ್ತಿತ್ತು. ಅವನ ಗೆಳೆಯರಿಗೆ ಅಡುಗೆ ಮಾಡಲಾರೆ ಎಂದರೆ ಬದಲು, ಮೈ ಮುಟ್ಟಬೇಡ ಎಂದರೆ ಬದಲು. ಬೆಳಿಗ್ಗೆ ಘಟಕದವರು ಪ್ಯಾಟರ್ನಿಗೆ ಕಾಯುತ್ತಿದ್ದರೆ ಅವಳು ಅವನ ಕುರ್ಚಿಯ ಮುಂದೆ ನಿಂತು ಕೇಳಬೇಕು. "ಹೀಗಲ್ಲ, ಚೆನ್ನಾಗಿ ಕೇಳು" ಎನ್ನುತ್ತಿದ್ದ. ಚೆನ್ನಾಗಿ ಕೇಳುವುದು ಹೇಗೆಂದು ಅವಳು ಕಲಿತಳು. ಆ ಕಲಿಕೆಯ ನಾಚಿಕೆ ಇನ್ನೂ ಹೋಗಿಲ್ಲ. ಬಾಸುಂಡೆ ಎದ್ದರೆ ಮಾತ್ರ ಏಟು ಎಂದು ನಂಬುವ ಈ ಲೋಕಕ್ಕೆ ಅವಳು ಏನೆಂದು ದೂರು ಕೊಡಬೇಕು? ನನ್ನ ಗಂಡ ವೈಫೈ ಕೊಡುವುದಿಲ್ಲ ಎಂದೇ? ಕೇಳಿದವರು ನಕ್ಕಾರು. ನಕ್ಕವರ ಮನೆಯಲ್ಲೂ ಯಾವುದೋ ಒಂದರ ಕೀಲಿ ಗಂಡಸಿನ ಜೇಬಿನಲ್ಲೇ ಇರುತ್ತದೆ.

ಅವಳು ಮನೆ ಬಿಟ್ಟ ದಿನ ಅತ್ತೆಯೂ ತಮ್ಮ ಬಟ್ಟೆ ಗಂಟು ಕಟ್ಟಿದ್ದರು. "ಅವನಿಗೆ ಬಡಿಸಿ ಬಡಿಸಿ ಬಾಸ್ ಮಾಡಿದ್ದೇ ನಾನು. ಇನ್ನು ತಾನೇ ಬಡಿಸ್ಕೊಳ್ಳಲಿ" ಎಂದು ಇವಳ ಹಿಂದೆ ಮೆಟ್ಟಿಲಿಳಿದಿದ್ದರು. ಕೋರ್ಟು ಮದುವೆಯನ್ನು ಮುರಿಯಿತು, ಅತ್ತೆ ಸೊಸೆಯರನ್ನು ಮುರಿಯಲಾಗಲಿಲ್ಲ. ಇಷ್ಟು ಕಾಲ ಡಬ್ಬದಲ್ಲೇ ಇದ್ದ ಪ್ರಿಂಟರನ್ನು, ಈ ಬಾಡಿಗೆ ಮನೆಗೆ ಸ್ವಂತ ಕನೆಕ್ಷನ್ ಬಂದ ಮೇಲೆ ಹೊರಗೆ ತೆಗೆದಿದ್ದಳು. ಆ ಮೊಂಡು ಯಂತ್ರ ಇನ್ನೂ ಹಳೆಯ ಯಜಮಾನನನ್ನೇ ಕೂಗುತ್ತಿತ್ತು.

"ಅವನ ಮೇಲೆ ರೇಗಬೇಡ ಕಣೆ," ಅಂದರು ಅತ್ತೆ. "ಹೆಸರು ಕೇಳ್ದ, ನಾನು ಒದರಿಬಿಟ್ಟೆ. ಯೋಚನೆ ಮಾಡ್ಬೇಕಿತ್ತು."

"ನೀವು ಹೇಳಿದ್ದಕ್ಕಲ್ಲ ಅತ್ತೆ. ನನ್ನನ್ನ ಕೇಳದೆ ಮಾಡಿದ್ದಕ್ಕೆ."

"ಅವನು ನನ್ನ ಮಗನ ಥರ ಅಲ್ಲ."

"ನಿಮ್ಮ ಮಗನೂ ಮೊದಲು ನಿಮ್ಮ ಮಗನ ಥರ ಇರಲಿಲ್ಲ."

ಅತ್ತೆ ಅವನು ಬಿಟ್ಟುಹೋದ ಲೋಟ ಎತ್ತಿಕೊಂಡು ಒಳಗೆ ಹೋದರು. ಅವಳು ಕುಗ್ಗಿದ ತೋಳಿನ ಹಾಳೆಗಳನ್ನು ಮಡಚುತ್ತಾ ಕೂತಳು. ಸಿಟ್ಟು ಇಳಿದ ಮೇಲೆ ಉಳಿದದ್ದು ಅದಕ್ಕಿಂತ ಕಷ್ಟದ್ದು. ಅವಳಿಗೆ ಅವನು ಬೇಕಿದ್ದ. ಬೇಕು ಎನ್ನುವುದರ ಬಾಲ ಹಿಡಿದೇ ಅಲ್ಲವೇ ಕೀಲಿಕೈಗಳು ಕೈ ಬದಲಾಯಿಸುವುದು?

ಮರುದಿನ ಬೆಳಿಗ್ಗೆ ತಾನೇ ರೌಟರಿನ ಹೆಸರು ಅಳಿಸಿ "ಕತ್ತರಿ" ಎಂದು ಹೊಸ ಹೆಸರಿಟ್ಟಳು. ಪಾಸ್‌ವರ್ಡನ್ನೂ ಬದಲಾಯಿಸಿದಳು. ಮೊಬೈಲ್ ಬಂತು, ಲ್ಯಾಪ್‌ಟಾಪ್ ಬಂತು. ಪ್ರಿಂಟರಿನ ನೀಲಿ ದೀಪ ಮಾತ್ರ ಮಿಣುಕುತ್ತಲೇ ಇತ್ತು. ಎಷ್ಟು ಒತ್ತಿದರೂ ಅದರ ಪುಟ್ಟ ಪರದೆಯಲ್ಲಿ ಬಾಸ್ ಸಿಗುತ್ತಿಲ್ಲ ಎಂಬ ಗೋಳು.

ಕೊನೆಗೆ ಮೆಟ್ಟಿಲಿಳಿದು ಬೀದಿಯ ತಿರುವಿನ ಗುಂಡಿ ಅಂಗಡಿಗೆ ಹೋದಳು. ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಗಳು, ಒಳಗೇನಿದೆಯೆಂದು ತಿಳಿಯಲು ಪ್ರತಿಯೊಂದರ ಮುಖಕ್ಕೂ ಒಂದೊಂದು ಗುಂಡಿ ಹೊಲಿದಿತ್ತು. ಅವನು ಏಣಿಯ ಮೇಲಿದ್ದ. ಅವಳನ್ನು ಕಂಡು ಇಳಿಯುವ ಅವಸರದಲ್ಲಿ ಒಂದು ಮೆಟ್ಟಿಲು ತಪ್ಪಿ ಮುಗ್ಗರಿಸಿದ.

"ನಿನ್ನೆ ನಾನು ನಿಮ್ಮನ್ನ ಕೇಳ್ಬೇಕಿತ್ತು," ಎಂದ, ಅವಳು ಬಾಯಿ ತೆರೆಯುವ ಮುಂಚೆ. "ನಿಮಗೆ ಖುಷಿಯಾಗುತ್ತೆ ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ. ತಪ್ಪಾಯ್ತು."

ಅವಳು ಮುಂದಿನ 'ಆದರೆ'ಗೆ ಕಾದಳು. ಗಂಡಸರ ಕ್ಷಮೆಗೆ ಒಂದು ಬಾಲವಿರುತ್ತದೆ ಎನ್ನುವುದು ಅವಳ ಅನುಭವ. ಬಾಲ ಬರಲಿಲ್ಲ. ಅವನು ಹಣೆಯ ಬೆವರು ಒರೆಸಿಕೊಂಡು ನಿಂತ.

"ಆ ಹೆಸರು ಯಾರದ್ದು ಅಂತ ಕೇಳಲ್ವಾ?"

"ನಿಮಗೆ ಹೇಳ್ಬೇಕು ಅನ್ಸಿದಾಗ ಹೇಳಿ."

ಅವಳು ಗಲ್ಲಾಪೆಟ್ಟಿಗೆಯ ಮೇಜಿಗೆ ಒರಗಿಕೊಂಡು ಎಲ್ಲವನ್ನೂ ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ, ಅಯ್ಯೋ ಎನ್ನಲಿಲ್ಲ, ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ ಎಂದು ಎದೆ ಉಬ್ಬಿಸಲಿಲ್ಲ. ಕೈಯಲ್ಲಿದ್ದ ಡಬ್ಬವನ್ನು ಕೆಳಗಿಡುವುದನ್ನೂ ಮರೆತು ಕೇಳಿದ.

"ಈಗ ಪ್ರಿಂಟರ್ ಸರಿಯಾಗ್ಬೇಕು," ಎಂದಳು ಕೊನೆಗೆ. "ನೀವು ಹೇಳಿ, ನಾನು ಮಾಡ್ತೀನಿ. ನೀವು ಏನನ್ನೂ ಮುಟ್ಟೋ ಹಾಗಿಲ್ಲ."

"ಕೈ ಎಲ್ಲಿಟ್ಕೊಳ್ಲಿ?"

"ಜೇಬಲ್ಲಿ."

ಅವನು ಎರಡೂ ಕೈ ಜೇಬಿಗೆ ತುರುಕಿಕೊಂಡೇ ಅವಳ ಜೊತೆ ಬೀದಿ ದಾಟಿದ, ಹಾಗೇ ಮಹಡಿ ಹತ್ತಿದ.

"ಏನೋ ಗುಂಡಿಯಪ್ಪ, ಚಳಿನಾ?" ಎಂದರು ಅತ್ತೆ.

"ಶಿಕ್ಷೆ ಅಮ್ಮ."

ಅವಳು ಪ್ರಿಂಟರಿನ ಮುಂದೆ ಮಂಡಿಯೂರಿದಳು. ಅವನು ಹೇಳುತ್ತಾ ಹೋದ, ಅವಳು ಒತ್ತುತ್ತಾ ಹೋದಳು. ಸೆಟ್ಟಿಂಗ್, ಅದರೊಳಗೆ ನೆಟ್‌ವರ್ಕ್, ಅದರ ತಳದಲ್ಲಿ ಮೊದಲಿದ್ದಂತೆ ಮಾಡು ಎನ್ನುವುದು. ನೆನಪಿನಲ್ಲಿರುವ ನೆಟ್‌ವರ್ಕನ್ನು ಅಳಿಸಲೇ ಎಂದು ಪರದೆ ಕೇಳಿತು. ಅವಳ ಬೆರಳು ಒಂದು ಕ್ಷಣ ನಿಂತಿತು, ಆಮೇಲೆ ಹೌದು ಎಂದು ಒತ್ತಿತು.

"ಮನುಷ್ಯರಿಗೂ ಇಂಥದ್ದೊಂದು ಇಟ್ಟಿದ್ರೆ," ಎಂದು ಅತ್ತೆ ನಿಟ್ಟುಸಿರಿಟ್ಟರು.

"ಬೇಡ ಅತ್ತೆ. ಮರೆತ್ರೆ ಮತ್ತೆ ಅದೇ ಹಳ್ಳಕ್ಕೆ ಬೀಳ್ತೀವಿ."

ಪ್ರಿಂಟರಿನ ವೈಫೈ ಪಟ್ಟಿಯಲ್ಲಿ ಬೀದಿಯವರೆಲ್ಲರ ಹೆಸರೂ ಬಂತು, ಕತ್ತರಿ ಬರಲಿಲ್ಲ. ಅವನು ಕತ್ತು ಮಾತ್ರ ಮುಂದೆ ಚಾಚಿದ.

"ರೌಟರ್ ಎರಡು ಥರದ ಅಲೆ ಬಿಡುತ್ತೆ ಮೇಡಂ, ಒಂದು ವೇಗದ್ದು, ಇನ್ನೊಂದು ನಿಧಾನದ್ದು. ನೀವು ಹೆಸರಿಟ್ಟಿರೋದು ವೇಗದ್ದಕ್ಕೆ ಮಾತ್ರ. ಹಳೇ ಹೆಸರು ಅಳಿಸೋವಾಗ ನಿಧಾನದ್ದು ಆಫ್ ಆಗಿರ್ಬೇಕು, ಅದನ್ನೂ ಆನ್ ಮಾಡಿ. ಈ ಪ್ರಿಂಟರ್ ಹಳೇದು, ಇದಕ್ಕೆ ನಿಧಾನದ್ದು ಮಾತ್ರ ಕೇಳ್ಸೋದು."

"ನಿಮ್ಮ ಹಾಗೆ."

"ನನಗೆ ಅದೂ ಸರಿಯಾಗಿ ಕೇಳ್ಸಲ್ಲ. ಬೈದ ಮೇಲೆ ಕೇಳ್ಸುತ್ತೆ."

ಅವಳು ತುಟಿ ಕಚ್ಚಿ ನಗು ತಡೆದಳು. ನಿಧಾನದ್ದಕ್ಕೂ ಅದೇ ಹೆಸರಿಟ್ಟ ಮೇಲೆ ಪಟ್ಟಿಯಲ್ಲಿ ಕತ್ತರಿ ಮೂಡಿತು. ಪಾಸ್‌ವರ್ಡ್ ಹಾಕುವ ಹೊತ್ತಿಗೆ ಅವನು ಹೇಳಿಸಿಕೊಳ್ಳದೆ ಗೋಡೆಯ ಕಡೆ ತಿರುಗಿದ.

ಬಾಣದ ಗುರುತು ಒತ್ತಿ ಒತ್ತಿ ಒಂದೊಂದೇ ಅಕ್ಷರಕ್ಕೆ ಹೋಗಬೇಕು. ಎರಡು ಅಕ್ಷರಗಳ ನಡುವಿನ ಬಿಡುವಿನಲ್ಲಿ ಅವಳು ಅವನ ಬೆನ್ನು ನೋಡಿದಳು. ಬಿಸಿಲಿಗೆ ಕಂದಿದ ಕತ್ತು, ಅಲ್ಲಲ್ಲಿ ಬೆಳ್ಳಗಾದ ಕೂದಲು, ಕಾಲರಿಗೆ ಅಂಟಿಕೊಂಡ ಹಸಿರು ದಾರದ ಎಳೆ. ಆ ಎಳೆಯನ್ನು ತೆಗೆಯಬೇಕೆನಿಸಿ ಬೆರಳು ಬೆಚ್ಚಗಾಯಿತು. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆದರೂ ಅವನು ಅದನ್ನೇ ನೋಡುತ್ತಿದ್ದ, ಓದುವವನ ಶ್ರದ್ಧೆಯಲ್ಲಿ.

ನೀಲಿ ದೀಪ ಮಿಣುಕುವುದನ್ನು ಬಿಟ್ಟು ನಿಶ್ಚಲವಾಗಿ ಉರಿಯಿತು. ಅವಳು ಅಳತೆ ಇದ್ದಂತೇ ಬರಲಿ ಎಂದು ಪ್ರಿಂಟ್ ಕೊಟ್ಟಳು. ಬಂದ ಚೌಕಕ್ಕೆ ಟೇಪು ಹಿಡಿದಳು. ಎರಡು ಇಂಚು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅತ್ತೆ, ಕಾರಣವಿಲ್ಲದೆ ಏನನ್ನೂ ಮಾಡದವರು, ಕಾರಣವಿಲ್ಲದೆ ಅಡುಗೆಮನೆಗೆ ಹೋದರು.

"ತಿರುಗ್ಲಾ?" ಎಂದ ಅವನು.

"ತಿರುಗಿ."

ತಿರುಗಿದ. ಈ ಸಲ ಕಣ್ಣು ಬಚ್ಚಿಡಲು ಅವನ ಕೈಯಲ್ಲಿ ಲೋಟವಿರಲಿಲ್ಲ.

"ನನಗೆ ನೀವು ಇಷ್ಟ," ಎಂದಳು. ಹಾಳೆ ಅಂಟಿಸುವಾಗಿನ ದನಿಯಲ್ಲೇ. "ಆದ್ರೆ ಇನ್ನೊಂದು ಮದುವೆ ನನಗೆ ಬೇಡ. ನಾನು ನಿಮ್ಮ ಮನೆಗೆ ಬರಲ್ಲ, ನೀವು ಈ ಮನೇಲಿ ಉಳಿಯಲ್ಲ. ಬನ್ನಿ, ಜೊತೇಲಿ ಊಟ ಮಾಡೋಣ, ಮಾತಾಡೋಣ. ನಾನು ಹೋಗಿ ಅಂದಾಗ ಹೋಗ್ಬೇಕು. ಇಷ್ಟೇ ನನ್ನ ಹತ್ರ ಇರೋದು."

ಮದುವೆಯ ಆಸೆ ಅವನಿಗಿತ್ತು. ಅದು ಮುಖದಲ್ಲಿ ಕಾಣಿಸಿ, ನಿಧಾನವಾಗಿ ಎಲ್ಲೋ ಕೂತುಕೊಂಡಿತು.

"ನಾನು ಕೇಳೋಕೆ ಧೈರ್ಯ ಮಾಡಿದ್ದು ಇದಕ್ಕಿಂತ ಕಡಿಮೆ ಮೇಡಂ," ಎಂದ. "ನಾಳೆ ಬರ್ಲಾ?"

ನಾಳೆ ಅವಳಿಗೆ ಬಿಡುವಿತ್ತು. ಆದರೆ ಹಳೆಯ ಭಯವೊಂದು ಒಳಗಿನಿಂದ ಕೈ ಹಿಡಿದು ಜಗ್ಗಿತು. ಬೇಡ ಎಂದ ಮೇಲೆ ಗಂಡಸು ಏನು ಮಾಡುತ್ತಾನೆ? ಅದೊಂದನ್ನು ನೋಡದೆ ಅವಳು ಮುಂದೆ ಹೆಜ್ಜೆ ಇಡಲಾರಳು.

"ನಾಳೆ ಬೇಡ. ನಾಡಿದ್ದು."

"ಆಯ್ತು."

ಅಷ್ಟೇ. ಯಾಕೆ ಎನ್ನಲಿಲ್ಲ. ಅಡುಗೆಮನೆಯ ಕಡೆ "ಬರ್ತೀನಮ್ಮ" ಎಂದು ಕೂಗಿ ಹೊರಟ. ಅವಳು ಬಾಗಿಲಲ್ಲಿ ಉಸಿರು ಹಿಡಿದು ಅವನ ಹೆಜ್ಜೆಗೆ ಕಿವಿಗೊಟ್ಟಳು. ಮುನಿಸು ಮೊದಲು ಕಾಲಿಗಿಳಿಯುತ್ತದೆ ಎಂದು ಅವಳಿಗೆ ಗೊತ್ತು, ವರ್ಷಗಟ್ಟಲೆ ಕೇಳಿದ್ದಾಳೆ. ಕೆಳಗಿನ ಮನೆಯವರ ನಾಯಿಯನ್ನು ಅವನು ಏನೋ ವಿಚಾರಿಸುತ್ತಿದ್ದ, ಊಟ ಆಯ್ತಾ ಎಂದೋ, ಯಾಕಿಷ್ಟು ದಪ್ಪಗಾಗಿದ್ದೀಯ ಎಂದೋ. ನಾಯಿಗೂ ಅವನಿಗೂ ಯಾವ ಅವಸರವೂ ಇದ್ದಂತಿರಲಿಲ್ಲ.

ಅವಳು ಕಿಟಕಿಗೆ ಓಡಿದಳು.

"ರೀ! ನಾಳೆನೇ ಬನ್ನಿ!"

ಬೀದಿಯ ನಡುವೆ ಅವನು ನಿಂತು ತಲೆ ಎತ್ತಿದ. ಬಿಸಿಲಿಗೆ ಕೈ ಅಡ್ಡ ಹಿಡಿದು ಯೋಚಿಸಿದ.

"ನಾಳೆ ಆಗಲ್ಲ ಮೇಡಂ! ಸರಕು ಬರುತ್ತೆ, ಡಬ್ಬ ಜೋಡಿಸ್ಬೇಕು! ನಾಡಿದ್ದೇ ಬರ್ತೀನಿ!"

ಅವಳು ಕಿಟಕಿಯ ಸರಳು ಹಿಡಿದು ಹಾಗೇ ನಿಂತಳು. ಆಗಲ್ಲ ಎಂಬ ಮಾತು ಇಷ್ಟು ಹಗುರವಾಗಿ ಬೀದಿಯಿಂದ ಮಹಡಿಗೆ ಬರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎಲ್ಲಿಯೂ ನೋಯಲಿಲ್ಲ.

"ಏನಂದನೇ?" ಅತ್ತೆ ಹಿಂದೆ ಬಂದು ನಿಂತಿದ್ದರು.

"ನಾಳೆ ಬರಕ್ಕಾಗಲ್ಲ ಅಂದ್ರು."

"ಮತ್ತೆ ಅದಕ್ಕೆ ಹೀಗೆ ಹಲ್ಲು ಕಿಸೀತೀಯಾ?"

"ಹೌದು ಅತ್ತೆ," ಎಂದಳು. ನಗು ನಿಲ್ಲಲಿಲ್ಲ.