ಗೆರೆ ದಾಟಿದ ಕೆಂಪು

ಹೆಣ್ಣಿನ ಕಡೆಯವರು ಮನೆ ನೋಡಲು ಬಂದರೂ ವರ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಏಳಲಿಲ್ಲ.

"ಹಿರೇರು ಬಂದ್ರ ಎದ್ದು ನಿಲ್ಲಾಕೂ ಬ್ಯಾಸರೇನು?" ವಿದ್ಯಾಶ್ರೀಯ ಅಪ್ಪ ಪ್ರಲ್ಹಾದ ಗೊಣಗಿದರು. "ನಡಿಯವ್ವಾ, ಮುಂಡರಗಿ ಬಸ್ ಹಿಡಿಯೋಣು."

ವಿದ್ಯಾಶ್ರೀ ವರನತ್ತ ತಿರುಗಿದಳು. ಫೋನಿನಲ್ಲಿ ಅಷ್ಟು ಅಕ್ಕರೆಯಿಂದ ಮಾತಾಡುತ್ತಿದ್ದ ಶ್ರೀಧರ ಇವನೇ ಏನು?

ಆದರೆ ಅವಳು ನರ್ಸ್. ಅವನ ಒಣಗಿದ ತುಟಿ, ನಡುಗುವ ಭುಜ ಅವಳ ಕಣ್ಣಿಗೆ ಬಿದ್ದವು.

"ಏಳಾಕ ಆಗವಲ್ದೇನು? ಕಾಲ ತೋರಸ್ರಿ."

"ಏನಿಲ್ಲರಿ... ತುಳಿಯೂ ಹಲಗಿ ಸಿಬರು ಚುಚ್ಚೇತಿ. ಕಾರ್ಯ ಮುಂದ ಹೋಗಬಾರದಂತ ಸುಮ್ಮನಿದ್ದೆ."

ಬೆಟಗೇರಿಯ ನೇಕಾರನ ಕಾಲು ಕುಣಿಯೊಳಗೇ ಇರುತ್ತದೆ. ಲೋಕ ನೋಡುವುದು ಮೇಲಿನ ಸೀರೆಯನ್ನಷ್ಟೇ. ವಿದ್ಯಾಶ್ರೀ ಕುಣಿಗಿಳಿದು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಸುಣ್ಣ-ಬೆಲ್ಲದ ಲೇಪದ ಕೆಳಗೆ ಕಪ್ಪು ಬೊಬ್ಬೆ. ಕೆಂಪು ಬಾವು ಮೊಣಕಾಲಿನತ್ತ ಏರಿತ್ತು. ಬೆರಳು ತಾಗಿದ್ದಕ್ಕೇ ಅವನು ನರಳಿದ. ಅವಳು ಪೆನ್ನು ತೆಗೆದು ಕೆಂಪಿನ ಅಂಚಿಗೆ ಗೆರೆ ಎಳೆದಳು.

"ದವಾಖಾನಿಗೆ ಹೋದ್ರ ಕಾಲ ಕಡೀತಾರ, ತಾಯಿ," ಎಂದು ಅವನ ತಾಯಿ ರತ್ನವ್ವ ಅಡ್ಡ ನಿಂತಳು. ಹಿರಿಯರ ವಾದ ಬೆಳೆಯಿತು. ಅದು ಮುಗಿಯುವ ಹೊತ್ತಿಗೆ ಕಾಲಿನ ಕೆಂಪು ಪೆನ್ನಿನ ಗೆರೆಯನ್ನು ದಾಟಿತ್ತು.

"ನೋಡ್ರಿ ಅತ್ತಿ, ತೊಗಲಿನ ಕೆಳಗ ಕ್ರಿಮಿ ಮಾಂಸ ಕೊಳಸಾಕತ್ತಾವ. ಬರೇ ಗುಳಿಗಿಗೆ ನಿಲ್ಲಂಗಿಲ್ಲ. ಸತ್ತ ಮಾಂಸ ಇವತ್ತ ತಗದ್ರ ಕಾಲು ಉಳದೀತು. ತಡಾ ಮಾಡಿದ್ರ ಜೀವಾನೂ ಉಳಿಯಂಗಿಲ್ಲ."

'ಅತ್ತಿ' ಎಂದದ್ದು ಅವಳಿಗೇ ತಿಳಿಯಲಿಲ್ಲ. ಪ್ರಲ್ಹಾದ ಕುಣಿಗಿಳಿದು ಹುಡುಗನಿಗೆ ಹೆಗಲು ಕೊಟ್ಟರು.

ಗದಗಿನ ಆಸ್ಪತ್ರೆಯಲ್ಲಿ ವೈದ್ಯರು ಸತ್ತ ಭಾಗ ಕತ್ತರಿಸಿದರು. ಮರುದಿನ ಮತ್ತೆ ತೆರೆದು ಶುಚಿ ಮಾಡಿದರು. ನರದೊಳಗೆ ಔಷಧ ಹನಿಯುತ್ತಲೇ ಇತ್ತು. ಹೊರಗೆ ಕುಳಿತ ವಿದ್ಯಾಶ್ರೀ ದೇವರಲ್ಲಿ ಕೇಳಿದ್ದು ಒಂದೇ... ಹೊತ್ತು ಮೀರದಿರಲಿ.

ಮೀರಲಿಲ್ಲ. ಜ್ವರ ಇಳಿಯಿತು. ತೊಡೆಯಿಂದ ತೆಗೆದು ಹಚ್ಚಿದ ಚರ್ಮವೂ ಗಾಯಕ್ಕೆ ಕೂಡಿಕೊಂಡಿತು. ಕಾಲು ಉಳಿಯಿತು.

ಆಗಲೇ ಅವನ ಸಂದೇಶ ಬಂತು: ಬ್ಯಾರೆ ವರ ನೋಡ್ಕೊಳ್ರಿ.

'ನಾನು ಇವನಿಗೆ ಬರೀ ನರ್ಸೇ?' ಉರಿಯುತ್ತಲೇ ಅವಳು ವಾರ್ಡಿಗೆ ಬಂದಳು.

"ಯಾಕ?"

"ಅರ್ಧ ಮೀನಖಂಡ ಹೋಗೇತಿ. ಕುಂಟತೀನಿ. ಕರುಣಾ ಬಂದು ಮದಿವಿ ಆಗಬ್ಯಾಡ್ರಿ."

"ನಾ ಏನ್ ಓಡೂ ಪಂದ್ಯಕ್ಕ ಗಂಡನ್ನ ಹುಡಕಾಕತ್ತೀನೇನು?"

ಅವನು ನಕ್ಕ. ಅವಳ ಕಣ್ಣು ತುಂಬಿತು.

"ದಿನಾ ಮಂದಿ ಗಾಯ ತೊಳೀತೀನಿ. ಯಾರ ಸಲುವಾಗೂ ಆಪರೇಷನ್ ಕ್ವಾಣಿ ಹೊರಗ ಕುಂತು ಅತ್ತಿದ್ದಿಲ್ಲ."

ಅವನು ಕೈಯೂರಿ ಎದ್ದು ಕುಳಿತ.

"ನಿಮ್ಮಪ್ಪಾರು?"

"ಕೆಳಗ ನಿಮ್ಮವ್ವನ ಜೋಡಿ ಚಾ ಕುಡಕೋತ ತಾರೀಕ ನೋಡಾಕತ್ತಾರ. ನಮ್ಮನ್ನ ಯಾರೂ ಕೇಳಿಲ್ಲ."

"ಹಂಗಾರ ನಾನ ಕೇಳತೀನಿ. ನನ್ನ ಮದಿವಿ ಆಗ್ತೀಯೇನ, ವಿದ್ಯಾ?"

ಅವಳು ಕೈ ಚಾಚಿದಳು. "ಆಗ್ತೀನಿ. ಮದ್ಲ ಬಾಗಲತನಾ ನಡೀರಿ."

"ಬಾಗಲತನಾ ಅಷ್ಟ?"

"ಇವತ್ತಿಗೆ ಅಷ್ಟ ಸಾಕು."