ಬಾವಿಕಟ್ಟಿ ಓಣಿಯ ಎಂಟು ಇಂಚು

ಸೋಮವಾರ, 14 ಜುಲೈ 2025. ಬೆಳಿಗ್ಗೆ 10.20ಕ್ಕೆ ಇಂಡಿ ಠಾಣೆಗೆ ಬಂದ ಟೈಲರ್ ತೌಸಿಫ ಕುರ್ಚಿ ಕೊಟ್ಟರೂ ಕೂಡಲಿಲ್ಲ, ನಿಂತೇ ದೂರು ಹೇಳಿದ. ಬಾವಿಕಟ್ಟಿ ಓಣಿಗೆ ಹೊಸ ಒಳಚರಂಡಿ ಬಂದು ನಾಲ್ಕು ತಿಂಗಳು. ಹೋದ ವಾರದ ಮಳೆಗೆ ಹೊಲಸು ನೀರು ಪಾಯಿಖಾನೆಯಿಂದ ಉಕ್ಕಿ ಅಂಗಳದ ಕುಡಿಯುವ ನೀರಿನ ತೊಟ್ಟಿಗೆ ಇಳಿದಿತ್ತು. ಇಪ್ಪತ್ಮೂರು ಮಂದಿಗೆ ವಾಂತಿಭೇದಿಯಾಗಿತ್ತು. ತೌಸಿಫನ ತಾಯಿ ಸೈದಾಬಿ ನಿನ್ನೆ ತೀರಿಕೊಂಡಿದ್ದಳು.

"ಯಾರ ಮ್ಯಾಲ ಸಂಶಯ?" ಪಿಎಸ್ಐ ಸುಮಂಗಲಾ ಕೇಳಿದಳು.

"ನಕ್ಷಾ ಮಾಡಿದ ಇಂಜಿನಿಯರ್ ಮ್ಯಾಲ್ರಿ. ಸಂಘಮಿತ್ರಾ ಅಂತ."

ನಿರ್ಲಕ್ಷ್ಯದಿಂದ ಸಾವು ಎಂದು ಎಫ್ಐಆರ್ ದಾಖಲಾಯಿತು. ಸಂಜೆಯೊಳಗೆ ಮೇಲಿನಿಂದ ಫೋನು ಬಂತು: ಬುಧವಾರದೊಳಗೆ ಇಂಜಿನಿಯರನ್ನು ಬಂಧಿಸಿ ಕೈ ತೊಳೆದುಕೊಳ್ಳಿ. ಸುಮಂಗಲಾಗೆ ಸಿಟ್ಟು ನೆತ್ತಿಗೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರ ಪೈಕಿ ಅವಳಲ್ಲ. ಜ್ವರ ಯಾರಿಗೆ ಎಂದು ಮೈ ಮುಟ್ಟಿ ನೋಡದೆ ಬಿಡುವ ಹೆಂಗಸೂ ಅಲ್ಲ.

ಮಂಗಳವಾರ ಬೆಳಿಗ್ಗೆ 9ಕ್ಕೆ ಸಂಘಮಿತ್ರಾ ಅಳತೆಯ ಪುಸ್ತಕ ಎದೆಗವಚಿಕೊಂಡು ಠಾಣೆಗೆ ಬಂದಳು. ಲಚ್ಯಾಣದ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಒಮ್ಮೆ ಬಂಧನವಾದರೆ ಆ ನೌಕರಿಯ ಕತೆ ಮುಗಿಯಿತು.

"ನೀರು ಯಾಕ ಹಿಂದ ಬಂತು?"

"ಒಳಚರಂಡಿಗೆ ಇಳಿಜಾರ ಒಂದ ಗೊತ್ರಿ ಮೇಡಂ. ಮನಿ ನೆಲ ದೊಡ್ಡ ಪೈಪಿಗಿಂತ ಎತ್ತರ ಇರಬೇಕು. ನನ್ನ ಪುಸ್ತಕದಾಗ ಎತ್ತರನ ಐತಿ."

"ನೀವು ಬರೂಕಿಂತ ಮೊದಲ ನಕ್ಷಾ ಆಗಿತ್ತಲ್ಲ?"

"ಆಗಿತ್ರಿ. ಅದರಾಗ ಈ ಓಣಿನ ಇದ್ದಿಲ್ಲ, ತಗ್ಗು ಅಂತ ಬಿಟ್ಟಿದ್ರು. ನಾ ಅಳದಾಗ ಎತ್ತರ ಬಂತು. ಮೂವತ್ತೊಂದು ಮನಿ ಸೇರಿದ್ವಲ್ಲ ಅಂತ ಖುಷಿ ಆತು." ಅವಳು ತಲೆ ತಗ್ಗಿಸಿದಳು. "ಮತ್ತೊಮ್ಮೆ ಅಳೀಲಿಲ್ರಿ."

ಸುಮಂಗಲಾ ಅದನ್ನೂ ಇದ್ದದ್ದು ಇದ್ದಂತೆ ಬರೆದುಕೊಂಡಳು.

ಹೆಡ್ ಕಾನ್‌ಸ್ಟೆಬಲ್ ಕಾಸಿಂಸಾಬ ಗೌಂಡಿಯ ಮಗ. ಅಂಗಡಿಯಿಂದ ಪಾರದರ್ಶಕ ಪೈಪು ತರಿಸಿ, ನೀರು ತುಂಬಿ, ಗೌಂಡಿಗಳು ಮನೆ ಕಟ್ಟುವಾಗ ಮಟ್ಟ ಹಿಡಿಯುವಂತೆ ಹಿಡಿದ. ಪಂಚರ ಸಮಕ್ಷಮ ಓಣಿಯ ಏಳು ಹೊಸ್ತಿಲು ಅಳೆದಾಗ ಮಧ್ಯಾಹ್ನವಾಯಿತು. ಪುಸ್ತಕದಲ್ಲಿ ಬರೆದದ್ದಕ್ಕಿಂತ ಏಳು ಹೊಸ್ತಿಲೂ ಸರಿಯಾಗಿ ಎಂಟು ಇಂಚು ಕೆಳಗಿದ್ದವು. ಪಕ್ಕದ ಓಣಿಯ ಲೆಕ್ಕ ಮಾತ್ರ ಚಾಚೂ ತಪ್ಪದೆ ತಾಳೆಯಾಯಿತು.

"ಒಂದು ಮನಿ ತಪ್ಪಬಹುದು, ಎರಡು ತಪ್ಪಬಹುದು," ಕಾಸಿಂಸಾಬ ಪೈಪು ಸುತ್ತುತ್ತ ಹೇಳಿದ. "ಏಳೂ ಎಂಟೆಂಟ ಇಂಚ ತಪ್ಪತಾವೇನ್ರಿ? ತಪ್ಪಿಗೆ ಇಷ್ಟ ಶಿಸ್ತ ಇರೂದಿಲ್ಲ."

ಸುಮಂಗಲಾ ಸಂಘಮಿತ್ರಾಳ ಕಡೆ ತಿರುಗಿದಳು. "ಅಳತಿ ಕೋಲು ನೆಲದ ಮ್ಯಾಲ ಇತ್ತೋ ಇಲ್ಲೋ, ನಿಮಗ ಕಾಣ್ತಿತ್ತೇನು?"

"ಇಲ್ರಿ. ದೂರ ನಿಂತು ದುರ್ಬೀನಿನ್ಯಾಗ ನೋಡಿದ್ರ ಕೋಲಿನ ನಡುವಿನ ಅಂಕಿ ಅಷ್ಟ ಕಾಣತಾವು. ಬುಡ ಕಾಣೂದಿಲ್ಲ."

"ಕೋಲು ಹಿಡದವರು ಯಾರು?"

"ಭೀಮು ಅಣ್ಣ. ನಮ್ಮ ಪುರಸಭಿ ಆಳು, ಇದ ಓಣ್ಯಾವ."

ಅಲ್ಲಿ ಸಿಕ್ಕಿತು ಎಳೆ. ಹೊಲಸು ಮತ್ತೆ ಉಕ್ಕದಿರಲೆಂದು ಪುರಸಭೆಯವರು ಅಂದೇ ಓಣಿಯ ಒಳಚರಂಡಿ ಪೈಪಿಗೆ ಬಿರಡೆ ಜಡಿದು ಮುಚ್ಚಿದರು; ಮನೆಮನೆಯ ಪಾಯಿಖಾನೆಯೂ ಬಂದಾಯಿತು. ಸುಮಂಗಲಾ ಸಂಜೆ ಪುರಸಭೆ ಕಚೇರಿಗೆ ಹೋಗಿ ಹಳೆಯ ಕಡತಗಳನ್ನು ತೆಗೆಸಿದಳು. ಓಣಿಗೆ ಒಳಚರಂಡಿ ಕೊಡಿ ಎಂದು ಭೀಮು ಸಹಿ ಮಾಡಿದ ಮೂರು ಅರ್ಜಿ ಅವುಗಳಲ್ಲಿದ್ದವು. ಮೂರರ ಮೇಲೂ ಒಂದೇ ಷರಾ: ತಗ್ಗು ಪ್ರದೇಶ, ಪಂಪು ಬೇಕು, ಮುಂದಿನ ಹಂತದಲ್ಲಿ ನೋಡುವುದು.

ಬುಧವಾರ ಮಧ್ಯಾಹ್ನ 2ಕ್ಕೆ ಅವರು ಭೀಮುನ ಮನೆ ಮುಂದೆ ಇಳಿದರು. ಬಾಗಿಲ ಬದಿಗೆ ಒಂದು ಸಿಮೆಂಟು ಕಲ್ಲು ಬಿದ್ದಿತ್ತು. ಕಾಸಿಂಸಾಬ ಟೇಪು ಹಿಡಿದ. ಎಂಟು ಇಂಚು. ನಲವತ್ತು ದಾಟಿದ ಭೀಮು ಓಡಲಿಲ್ಲ, ಗೋಡೆಗೆ ಆತು ನಿಂತ.

"ಕೋಲಿನ ಕೆಳಗ ಇದ್ದದ್ದು ಇದ ಏನು?"

"ಹೌದ್ರಿ. ಯಾರರ ಕೇಳಿದ್ರ ಕೆಸರಾಗ ಕೋಲು ಹುಗೀತೈತಿ ಅನ್ನೂನು ಅಂತ ಇಟ್ಟೆ."

"ಆರು ವರ್ಷ ಕೋಲು ಹಿಡದಾವ ನೀ. ನೀರು ಹಿಂದ ಹೊಳ್ಳತೈತಿ ಅಂತ ಗೊತ್ತಿದ್ದಿಲ್ಲ?"

ಭೀಮು ಗೋಡೆ ಬಿಟ್ಟು ಕಲ್ಲಿನ ಪಕ್ಕ ಕುಕ್ಕರಿಸಿದ. "ಗೊತ್ತಿತ್ರಿ. ಎಂಟು ಇಂಚ ಏನ ಮಾಡತೈತಿ ಅಂದಕೊಂಡೆ. ನಮ್ಮವ್ವ ಮಧ್ಯಾಹ್ನ ಆದಮ್ಯಾಲ ನೀರ ಮುಟ್ಟತಿದ್ದಿಲ್ರಿ. ಕುಡದ್ರ ಹೊರಗ ಹೋಗಬೇಕು, ಹೆಣ್ಮಕ್ಕಳು ಹೋಗಬೇಕಂದ್ರ ಕತ್ತಲಾಗಬೇಕು. ಜಾಲಿಕಂಟಿಗೆ ಅವ್ವನ ಜೋಡಿ ಹೋಗತಿದ್ದಾಕಿ ತೌಸಿಫನ ತಾಯಿ ಸೈದವ್ವನ. ಆಕಿನ್ನ ನಾನ ಕೊಂದಂಗಾತು."

ಭೀಮು ಇದನ್ನು ತಾಯಿಗಾಗಿ ಮಾಡಿದ್ದ. ಆದರೆ ಸತ್ತವಳಿಗೂ ಒಬ್ಬ ಮಗನಿದ್ದ. ಕಲ್ಲು ಜಪ್ತಾಯಿತು, ಪಂಚನಾಮೆ ಮುಗಿಯಿತು. ಸಂಘಮಿತ್ರಾಳ ಹೆಸರು ಆರೋಪಿಯ ಸಾಲಿನಿಂದ ಸಾಕ್ಷಿಯ ಸಾಲಿಗೆ ಬಂತು. ಮೂರು ಅರ್ಜಿಗಳನ್ನು ಸುಮಂಗಲಾ ತಾನೇ ಕೇಸಿನ ಕಡತಕ್ಕೆ ಹೊಲಿದಳು. ಮುಂದಿನ ಹಂತ ಯಾವಾಗ ಎಂದು ಕೋರ್ಟೂ ಒಮ್ಮೆ ಕೇಳಲಿ ಎಂಬುದು ಅವಳ ಹಟ.

2.50ಕ್ಕೆ ಬಂಧನದ ಕಾಗದಕ್ಕೆ ಭೀಮುನ ತಾಯಿ ಹುಲಿಗೆವ್ವ ಹೆಬ್ಬೆಟ್ಟು ಒತ್ತಿದಳು. ಅತ್ತು ಅತ್ತು ಅವಳ ತುಟಿ ಒಣಗಿದ್ದವು. ಸುಮಂಗಲಾ ಜೀಪಿನಿಂದ ನೀರಿನ ಬಾಟಲಿ ತಂದು ಮುಚ್ಚಳ ತೆಗೆದು ಕೈಗಿತ್ತಳು.

"ಒಂದ ಗುಟುಕು ಕುಡೀರಿ, ಯವ್ವಾ."

ಮುದುಕಿ ಬಾಟಲಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ಬ್ಯಾಡವ್ವ. ನಿನ್ನಿ ಪೈಪ ಬಂದ್ ಮಾಡ್ಯಾರ. ಕತ್ತಲಾಗಾಕ ಇನ್ನೂ ಭಾಳ ಹೊತ್ತೈತಿ."